ಸಂತೈಸುವ ಸಭೆಯಲ್ಲಿ ಅಳುವುದಕ್ಕೆ ಜಾಗ ಕೇಳುವುದು ಹೇಗೆ?

ಪ್ರಶ್ನೆ

ಸಹೋದರ ಸಹೋದರಿಯರಿಗೆ ವಂದನೆಗಳು.

ನನ್ನ ಯಜಮಾನರು ತೀರಿಕೊಂಡು 7 ತಿಂಗಳಾಯಿತು. ನಮ್ಮ ಕ್ರೈಸ್ತ ಸಭೆಯ ಮೇಲೆ ನನಗೆ ಯಾವ ದೂರೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಆಸ್ಪತ್ರೆಯಲ್ಲಿದ್ದ 19 ದಿನವೂ ಸಭೆಯವರು ಪಾಳಿ ಹಾಕಿಕೊಂಡು ನನ್ನ ಜೊತೆ ರಾತ್ರಿ ಕುಳಿತರು. ಸಮಾಧಿಯ ಏರ್ಪಾಟಿನ ಒಂದು ಕಾಗದವೂ ನನ್ನ ಕೈಗೆ ಬರದಂತೆ ನೋಡಿಕೊಂಡರು. ಮಗಳ ಪರೀಕ್ಷೆಯ ದಿನಗಳಲ್ಲಿ ಅವಳನ್ನು ಕರೆದೊಯ್ದು ಕರೆತಂದವರೂ ಅವರೇ. ಇಷ್ಟೆಲ್ಲ ಮಾಡಿದ ಜನರ ನಡುವೆ ಕುಳಿತಿರುವಾಗಲೇ ನನಗೆ ಉಸಿರು ಕಟ್ಟಿದಂತಾಗುತ್ತದೆ ಎಂದು ಬರೆಯಲು ಸಂಕೋಚವಾಗುತ್ತಿದೆ.

ನಾವಿಬ್ಬರೂ ಒಂದೇ ಹಾಡಿನ ಪುಸ್ತಕವನ್ನು ಹಿಡಿದುಕೊಳ್ಳುತ್ತಿದ್ದೆವು. ಎಡ ಅಂಚು ಅವರದು, ಬಲ ಅಂಚು ನನ್ನದು. ಈಗ ನಾನೊಬ್ಬಳೇ ಹಿಡಿದರೆ ಹಳೆಯ ಹೊಲಿಗೆಯ ಆ ಪುಸ್ತಕ ಎಡಕ್ಕೆ ವಾಲಿ, ಹಾಳೆಗಳು ತಾವಾಗಿಯೇ ಮಗುಚಿಕೊಳ್ಳುತ್ತವೆ. ಅದನ್ನು ಸರಿಮಾಡುವಷ್ಟರಲ್ಲಿ ಸಭೆ ಮುಂದಿನ ಚರಣಕ್ಕೆ ಹೋಗಿರುತ್ತದೆ. ಹಾಗಾಗಿ ನಾನು ಹಾಡುವುದನ್ನು ಬಿಟ್ಟು, ಕೊನೆಯ ಸಾಲಿನಲ್ಲಿ ಕುಳಿತು, ಆಶೀರ್ವಾದಕ್ಕೆ ಮೊದಲೇ ಎದ್ದು ಹೊರಡುತ್ತಿದ್ದೇನೆ. ತಡಮಾಡಿದರೆ ಬಾಗಿಲಲ್ಲಿ ಯಾರಾದರೂ ಪ್ರೀತಿಯಿಂದ ಕೈ ಹಿಡಿದು, ‘ಈಗ ಪರವಾಗಿಲ್ಲ ತಾನೇ? ಅವರು ಕರ್ತನ ಬಳಿ ಸುಖವಾಗಿದ್ದಾರೆ, ನೀವು ಅಳಬಾರದು’ ಎನ್ನುತ್ತಾರೆ. ‘ದೇವರ ಕೃಪೆ, ಚೆನ್ನಾಗಿದ್ದೇನೆ’ ಎಂದು ನಾನು ಹೇಳುತ್ತೇನೆ. ಹಾಗೆಂದ ಕೂಡಲೇ ಅವರ ಮುಖದಲ್ಲಿ ಮೂಡುವ ನಿರಾಳವನ್ನು ಕಂಡಾಗ, ಅಲ್ಲಿ ಸಂತೈಸುತ್ತಿರುವವಳು ನಾನೇ ಎಂದು ಎಷ್ಟೋ ಸಲ ಅನಿಸಿದೆ.

ಈಗ ನಮ್ಮ ಸಭಾಪಾಲಕರು, ಮುಂದಿನ ತಿಂಗಳ ಒಂದು ಆರಾಧನೆಯಲ್ಲಿ, ದೇವರು ನನ್ನನ್ನು ದುಃಖದಿಂದ ಮೇಲೆತ್ತಿದ ಬಗೆಯನ್ನು ಸಾಕ್ಷಿಯಾಗಿ ಹೇಳಬೇಕೆಂದು ಕೇಳಿದ್ದಾರೆ. ಅವರು ಒಳ್ಳೆಯವರು, ಒಳ್ಳೆಯದಕ್ಕೇ ಕೇಳಿದ್ದಾರೆ. ದೇವರು ನನ್ನ ಕೈಬಿಟ್ಟಿಲ್ಲವೆಂಬುದು ನಿಜ. ಮೇಲೆತ್ತಿದ್ದಾರೆಂಬುದು ಇನ್ನೂ ನಿಜವಾಗಿಲ್ಲ. ಇಷ್ಟು ಮಾಡಿದ ಸಭೆಯಿಂದ ಇನ್ನೂ ಏನನ್ನೋ ಬಯಸುವುದು ಕೃತಘ್ನತೆಯೇ? ಅಲ್ಲವೆಂದಾದರೆ, ಇವರ ಮನಸ್ಸು ನೋಯದ ಹಾಗೆ ಅದನ್ನು ಕೇಳುವುದು ಹೇಗೆ?

ಉತ್ತರ 1: ನಿವೃತ್ತ ಸಭಾಪಾಲಕರಿಂದ

ಅಮ್ಮಾ, ನಿಮ್ಮದು ಕೃತಘ್ನತೆಯಲ್ಲ. ಇದಕ್ಕೆ ಉತ್ತರ ಕೊಡುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು 31 ವರ್ಷ ಸಭಾಪಾಲನೆ ಮಾಡಿದವನು. ಅದರ ಮೊದಲ ಅರ್ಧದಲ್ಲಿ ಸಾವಿನ ಮನೆಗೆ ಹೋದಾಗಲೆಲ್ಲ, ಸರಿಯಾಗಿ ಕುಳಿತುಕೊಳ್ಳುವುದಕ್ಕೂ ಮುಂಚೆ ಸತ್ಯವೇದವನ್ನು (ಬೈಬಲನ್ನು) ತೆರೆಯುತ್ತಿದ್ದೆ. ಮಾತಿಲ್ಲದೆ ಕುಳಿತರೆ ಬಂದ ಕೆಲಸವನ್ನು ಮಾಡದೆ ಹೋದಂತೆ ಎಂಬ ಭಯ ನನಗಿತ್ತು. ಒಮ್ಮೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು, ‘ಅಯ್ಯನವರೇ, ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಿ’ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಬೇಡಿಕೆಯಿತ್ತು. ಆ ಮಧ್ಯಾಹ್ನ ನಾನು ಮುಚ್ಚಿಟ್ಟ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಎರಡು ಗಂಟೆ ಕುಳಿತಿದ್ದೆ. ನನ್ನ ಸೇವೆಯಲ್ಲಿ ಅಷ್ಟು ಕಷ್ಟವಾದ ಎರಡು ಗಂಟೆಗಳು ಕಡಿಮೆ.

ಸತ್ಯವೇದದಲ್ಲಿ, ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಮೂವರು ಸ್ನೇಹಿತರನ್ನು ನಾವು ಸಾಮಾನ್ಯವಾಗಿ ಬಯ್ಯುತ್ತೇವೆ. ಆದರೆ ಅವರು ಬಂದ ಮೇಲೆ 7 ಹಗಲು 7 ರಾತ್ರಿ ಅವನ ಸಂಗಡ ನೆಲದ ಮೇಲೆ ಕುಳಿತರೆಂದೂ, ಅವನ ಸಂಕಟ ಬಹಳವೆಂದು ಕಂಡು ಯಾರೂ ಒಂದು ಮಾತನ್ನೂ ಆಡಲಿಲ್ಲವೆಂದೂ ಯೋಬನ ಪುಸ್ತಕದ 2ನೆಯ ಅಧ್ಯಾಯ ಹೇಳುತ್ತದೆ. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಕಡೆಗೆ ದೇವರು ಮೆಚ್ಚಿದ್ದು ದೇವರ ಪರವಾಗಿ ವಾದಿಸಿದ ಆ ಮೂವರನ್ನಲ್ಲ, ದೇವರ ಮುಂದೆಯೇ ಜಗಳಕ್ಕೆ ನಿಂತ ಯೋಬನನ್ನು.

ಇನ್ನೊಂದು ಪ್ರಸಂಗವನ್ನು ನಿಮ್ಮ ಸಭಾಪಾಲಕರ ಜೊತೆ ಕುಳಿತು ಓದಿ: ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ. ಲಾಜರನನ್ನು ಸಮಾಧಿಯಲ್ಲಿಟ್ಟು 4 ದಿನವಾಗಿದೆ. ಅವನ ಅಕ್ಕ ಮಾರ್ಥಳು ಯೇಸುಸ್ವಾಮಿಯ ಬಳಿಗೆ ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಮೇಲೆ ಅವಳ ಸಹೋದರಿ ಮರಿಯಳು ಬಂದು ಹೆಚ್ಚು ಕಡಿಮೆ ಅದೇ ಮಾತನ್ನು ಹೇಳುತ್ತಾಳೆ. ಮಾರ್ಥಳಿಗೆ ಯೇಸುಸ್ವಾಮಿ ಪುನರುತ್ಥಾನದ ಮಾತನ್ನು ಹೇಳಿದರು. ಮರಿಯಳಿಗೆ ಉಪದೇಶವಿಲ್ಲ, ಅವಳ ಅಳುವನ್ನು ಕಂಡು ನೊಂದುಕೊಂಡು, ‘ಅವನನ್ನು ಎಲ್ಲಿ ಇಟ್ಟಿದ್ದೀರಿ’ ಎಂದು ಕೇಳಿ, ಕಣ್ಣೀರಿಟ್ಟರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನು ಎದ್ದು ಬರುತ್ತಾನೆಂದು ತಿಳಿದಿದ್ದವರೂ ಮೊದಲು ಅತ್ತರು ಎಂಬುದನ್ನು ಯೋಚಿಸಿದಾಗ, ಪರಲೋಕದ ಭರವಸೆ ಇದ್ದವರು ಅಳಬಾರದೆಂಬ ಮಾತು ಎಲ್ಲಿ ನಿಲ್ಲುತ್ತದೆ? ನಮ್ಮ ಸಭೆಗಳು ಮಾರ್ಥಳ ಉತ್ತರವನ್ನೇ ಎಲ್ಲರಿಗೂ ಕೊಡುತ್ತಿವೆ ಎಂಬುದೇ ನನ್ನ ಚಿಂತೆ.

ಸಾಕ್ಷಿಯ ವಿಚಾರಕ್ಕೆ ಬಂದರೆ, ಇಲ್ಲದ್ದನ್ನು ಹೇಳಬೇಡಿ. ಆದರೆ ಕರೆಯನ್ನು ಸುಮ್ಮನೆ ನಿರಾಕರಿಸಲೂ ಬೇಡಿ. ಸತ್ಯವೇದದ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮೊರೆಯ ಕೀರ್ತನೆಗಳು. 13ನೆಯದು ‘ಎಷ್ಟರವರೆಗೆ’ ಎಂದು 4 ಸಲ ಕೇಳುತ್ತದೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆಗೆ ತಿರುಗುತ್ತವೆ, 88ನೆಯದು ತಿರುಗುವುದಿಲ್ಲ. ಅದರ ಕೊನೆಯ ಮಾತು ಕತ್ತಲೆ. ಅಂಥದ್ದೊಂದು ಪ್ರಾರ್ಥನೆಯನ್ನು ದೇವಜನರು ಇಷ್ಟು ಶತಮಾನ ಕಾಪಾಡಿಕೊಂಡು ಬಂದಿದ್ದಾರೆ. ‘ನನ್ನ ಸಾಕ್ಷಿ ಸದ್ಯಕ್ಕೆ ಇಷ್ಟೇ’ ಎಂದು ಅದನ್ನು ಓದಿ ಕುಳಿತುಕೊಳ್ಳಬಹುದೇ ಎಂದು ನಿಮ್ಮ ಅಯ್ಯನವರನ್ನು ಕೇಳಿ ನೋಡಿ.

ಉತ್ತರ 2: ಒಬ್ಬ ತಂದೆಯಿಂದ

ನಾವು ಕಥೋಲಿಕರು, ಆದ್ದರಿಂದ ನನ್ನ ಮಾತಿನ ರೀತಿ ಸ್ವಲ್ಪ ಬೇರೆ ಇರಬಹುದು. 11 ವರ್ಷಗಳ ಹಿಂದೆ ನಮ್ಮ ಮೊದಲ ಮಗಳು ಹುಟ್ಟುವ ಮೊದಲೇ, 8ನೆಯ ತಿಂಗಳಲ್ಲಿ ತೀರಿಕೊಂಡಳು. ನಿಮ್ಮ ಮನೆಗೆ ಜನ ಬಂದರು. ನಮ್ಮ ಮನೆಗೆ ಬರಬೇಕೋ ಬೇಡವೋ ಎಂದು ಜನರಿಗೆ ತಿಳಿಯಲಿಲ್ಲ. ಬಂದವರು ‘ನಿಮಗಿನ್ನೂ ವಯಸ್ಸಿದೆ’ ಎಂದರು. ಅವಳಿಗೆ ಜ್ಞಾನಸ್ನಾನವಾಗಿರಲಿಲ್ಲವಾದ್ದರಿಂದ ಅಂತ್ಯಕ್ರಿಯೆಯ ವಿಧಿ ಇಲ್ಲವೆಂದೇ ನಾವು ಭಾವಿಸಿದ್ದೆವು. ಮಗುವಿಗೆ ಜ್ಞಾನಸ್ನಾನ ಕೊಡಿಸುವ ಮನಸ್ಸು ತಂದೆತಾಯಿಗಳಿಗೆ ಇದ್ದಿದ್ದರೆ, ಧರ್ಮಾಧ್ಯಕ್ಷರ ಅನುಮತಿಯ ಮೇಲೆ ಆ ವಿಧಿಯನ್ನು ನಡೆಸಬಹುದೆಂದು 1983ರ ಧರ್ಮಸಭೆಯ ಕಾನೂನು ಹೇಳುತ್ತದೆ. ನಮಗೆ ಅದು ತಿಳಿದಿರಲಿಲ್ಲ, ತಿಳಿಸುವವರೂ ಇರಲಿಲ್ಲ. ಅದೇ ರೀತಿ, ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರಿಗೆ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿದ್ದ 1917ರ ನಿಯಮವನ್ನೂ 1983ರಲ್ಲಿ ಕೈಬಿಡಲಾಯಿತು. ಕಾನೂನು ತೆರೆದ ಬಾಗಿಲನ್ನು ನಮ್ಮ ನಾಲಿಗೆಗಳು ಇನ್ನೂ ಪೂರ್ತಿಯಾಗಿ ತೆರೆದಿಲ್ಲ. ಅಂಥ ಮನೆಗಳ ಬಗ್ಗೆ ಜನ ಇಂದಿಗೂ ದನಿ ತಗ್ಗಿಸಿ ಮಾತನಾಡುತ್ತಾರೆ.

ನಿಮಗೆ ಹೇಳಬೇಕೆಂದಿರುವುದು ಒಂದೇ ವಿಷಯ. ನಮ್ಮ ಧರ್ಮಕೇಂದ್ರದ ಒಬ್ಬ ವೃದ್ಧೆ, ಮಗುವಿಗೆ ಏನು ಹೆಸರಿಡಬೇಕೆಂದಿದ್ದಿರಿ ಎಂದು ನನ್ನ ಹೆಂಡತಿಯನ್ನು ಕೇಳಿದರು. ಕೇಳಿದ್ದು ಅವರೊಬ್ಬರೇ. ಕನ್ನಡಕ ಹಾಕಿಕೊಂಡು, ತಮ್ಮ ಜಪದ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಹೆಸರನ್ನೂ ದಿನಾಂಕವನ್ನೂ ಪೆನ್ಸಿಲಿನಿಂದ ಬರೆದುಕೊಂಡರು. ಅಂದಿನಿಂದ ಪ್ರತಿ ವರ್ಷ ಆ ದಿನ ಅವರಿಂದ ನಮಗೆ ಒಂದು ಕರೆ ಬರುತ್ತದೆ. ಹೆಸರು ಹಿಡಿದು, ‘ಇವತ್ತು ಅವಳಿಗಾಗಿ ಪ್ರಾರ್ಥಿಸಿದೆ’ ಎನ್ನುತ್ತಾರೆ, ಅಷ್ಟೇ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯನ್ನು ಇಡೀ ಧರ್ಮಸಭೆ ಆಚರಿಸುತ್ತದೆ, ಅದರಿಂದ ನನಗೆ ಸಮಾಧಾನವೂ ಸಿಗುತ್ತದೆ. ಆದರೂ ನಮ್ಮ ಮಗಳು ಇದ್ದಳೆಂಬುದಕ್ಕೆ ನಮ್ಮಿಬ್ಬರ ಹೊರಗೆ ಇರುವ ದಾಖಲೆ ಆ ಪೆನ್ಸಿಲಿನ ಸಾಲು. ಮರೆಯದಿರುವ ಕೆಲಸವನ್ನು ಹೀಗೆ ಯಾರಾದರೂ ಹೊತ್ತುಕೊಳ್ಳಬೇಕು. ನಿಮ್ಮ ಸಭೆಯಲ್ಲಿ ಅಗಲಿದವರ ದಿನಾಂಕಗಳನ್ನು ಬರೆದಿಡುವ ಒಂದು ಪುಸ್ತಕವೂ, ಅದನ್ನು ನೋಡಿ ಕರೆಮಾಡುವ ಒಬ್ಬರೋ ಇಬ್ಬರೋ ಇದ್ದರೆ ಸಾಕು; ದೊಡ್ಡ ಯೋಜನೆ ಬೇಕಿಲ್ಲ.

ಉತ್ತರ 3: ಉಪಶಾಮಕ ಆರೈಕೆ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ) ವಿಭಾಗದ ಆಪ್ತಸಮಾಲೋಚಕಿಯಿಂದ

ಅಕ್ಕಾ, 7 ತಿಂಗಳು ಹೆಚ್ಚಲ್ಲ. ಇದನ್ನು ವೃತ್ತಿಯ ಮಾತಾಗಿಯೇ ತೆಗೆದುಕೊಳ್ಳಿ.

ದುಃಖಕ್ಕೆ ಐದು ಹಂತಗಳಿವೆ, ಒಂದೊಂದಾಗಿ ದಾಟಿದರೆ ಒಪ್ಪಿಗೆಯ ಹಂತ ಬರುತ್ತದೆ ಎಂಬ ಮಾತು ಸಭೆಗಳಲ್ಲೂ ಹರಡಿದೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ ಅವರು 1969ರಲ್ಲಿ ಆ ಐದು ಹಂತಗಳನ್ನು ಬರೆದದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳ ಜೊತೆ ಮಾತನಾಡಿ. ಅವರ ಹಿಂದೆ ಉಳಿದವರಿಗೆ ಅದು ಅನ್ವಯವಾದದ್ದು ಆಮೇಲೆ. ಬದುಕಿ ಉಳಿದವರ ದುಃಖ ಮೆಟ್ಟಿಲಿನ ಹಾಗೆ ಏರುವುದನ್ನು ನಾನಂತೂ ಕಂಡಿಲ್ಲ. ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಖುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಕೊಟ್ಟ ವಿವರಣೆ ನಾನು ದಿನವೂ ನೋಡುವುದಕ್ಕೆ ಹೆಚ್ಚು ಹತ್ತಿರವಾಗಿದೆ: ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆಗೂ ಒಮ್ಮೆ ಮುಂದಿನ ಬದುಕಿನ ಕೆಲಸಗಳ ಕಡೆಗೂ ಓಲಾಡುತ್ತಿರುತ್ತದೆ, ಆರೋಗ್ಯವಿರುವುದು ಆ ಓಲಾಟದಲ್ಲೇ. ಬೆಳಿಗ್ಗೆ ನಕ್ಕವಳು ಸಂಜೆ ಅತ್ತರೆ ಹಿಂದೆ ಜಾರಿದಳೆಂದು ಅರ್ಥವಲ್ಲ. ನಿಮ್ಮ ಸಭೆಯವರು ನೀವು ಮುಂದಕ್ಕೆ ಓಲುವಾಗ ಮಾತ್ರ ಕೈಚಪ್ಪಾಳೆ ತಟ್ಟುತ್ತಿದ್ದಾರೆ. ಹಾಗಾಗಿ ಇನ್ನೊಂದು ಕಡೆಗೆ ಓಲುವಾಗ ನೀವು ಎದ್ದು ಹೊರಗೆ ಹೋಗುತ್ತಿದ್ದೀರಿ.

ಜೊತೆಗೆ ಒಂದು ಎಚ್ಚರಿಕೆಯ ಮಾತೂ ಇದೆ. ಶೋಕವು ತೀವ್ರತೆ ಕುಂದದೆ ವ್ಯಕ್ತಿಯ ದಿನನಿತ್ಯದ ಬದುಕನ್ನೇ ನಿಲ್ಲಿಸಿಬಿಡುವ ಸ್ಥಿತಿಯೊಂದನ್ನು ವೈದ್ಯಕೀಯ ಕ್ಷೇತ್ರ ಈಗ ಪ್ರತ್ಯೇಕವಾಗಿ ಗುರುತಿಸುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಅದಕ್ಕೆ ಕನಿಷ್ಠ 6 ತಿಂಗಳ ಅವಧಿಯನ್ನು ಹೇಳಿದರೆ, ಅಮೆರಿಕದ ಮನೋವೈದ್ಯರ ಸಂಘ ವಯಸ್ಕರಿಗೆ 12 ತಿಂಗಳನ್ನು ಹೇಳುತ್ತದೆ. ತಿಂಗಳ ಲೆಕ್ಕವೊಂದರಿಂದಲೇ ಅದು ನಿರ್ಧಾರವಾಗುವುದಿಲ್ಲ. ಆ ಶೋಕ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮಗಳ ರೂಢಿಯನ್ನು ಸ್ಪಷ್ಟವಾಗಿ ಮೀರಿರಬೇಕೆಂದೂ ಅದರಲ್ಲಿದೆ. ಅಂದರೆ, ಒಂದು ಸಭೆ ಶೋಕಕ್ಕೆ ಎಷ್ಟು ಕಾಲವನ್ನು ಸಹಜವೆಂದು ಒಪ್ಪುತ್ತದೆ ಎಂಬುದು ಸಣ್ಣ ವಿಷಯವಲ್ಲ. ನೀವು ಬರೆದದ್ದರಲ್ಲಿ ನನಗೆ ಕಾಣುವುದು ಸಹಜ ದುಃಖವೇ. ಆದರೂ ತಿಂಗಳುಗಳು ಕಳೆದಂತೆ ಮನೆಯ ಕೆಲಸ, ಮಗಳ ಆರೈಕೆ, ನಿದ್ದೆ ಯಾವುದೂ ನಡೆಯದ ಸ್ಥಿತಿ ಬಂದರೆ ವೈದ್ಯರನ್ನು ಕಾಣಿ. ಬದುಕುವುದೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ಅದೇ ದಿನ ಕಾಣಿ. ಪ್ರಾರ್ಥನೆ ಸಾಲದೆ ಹೋಯಿತೆಂದು ಆಗ ಯಾರೂ ಹೇಳದಿರಲಿ.

ಅಂದಹಾಗೆ, ಮಗಳನ್ನು ಯಾರಾದರೂ ಪ್ರತ್ಯೇಕವಾಗಿ ಮಾತನಾಡಿಸಿದ್ದಾರೆಯೇ? ಮಕ್ಕಳು ಅಮ್ಮನ ಮುಖ ನೋಡಿಕೊಂಡು ತಮ್ಮ ಅಳುವನ್ನು ಅಡಗಿಸಿಡುತ್ತಾರೆ. ಅವಳಿಗೂ ಒಂದು ಜಾಗ ಬೇಕು, ಅದು ನಿಮ್ಮ ಜಾಗವೇ ಆಗಬೇಕೆಂದಿಲ್ಲ.

ಉತ್ತರ 4: ಗಾಯನ ತಂಡದ ಸದಸ್ಯೆಯಿಂದ

ಮೇಲಿನವರ ಮಾತುಗಳನ್ನು ಗೌರವಿಸುತ್ತೇನೆ, ಆದರೆ ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. ನನ್ನ ತಾಯಿ ತೀರಿಕೊಂಡ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಡುಗಳೇ. ನನಗೆ ಹಾಡಲು ಆಗುತ್ತಿರಲಿಲ್ಲ. ನನ್ನ ಸುತ್ತ ನಿಂತವರು ಹಾಡುತ್ತಿದ್ದರು, ಅವರ ನಂಬಿಕೆಯ ಮೇಲೆ ನಾನು ಒರಗಿಕೊಂಡಿದ್ದೆ. ಆ ದಿನಗಳಲ್ಲಿ ಇಡೀ ಸಭೆ ನನ್ನ ಹಾಗೆಯೇ ಮೌನವಾಗಿಬಿಟ್ಟಿದ್ದರೆ ನಾನು ಒರಗುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಭರವಸೆಯಿಲ್ಲದ ಇತರರಂತೆ ದುಃಖಿಸಬಾರದೆಂದು ಸತ್ಯವೇದದಲ್ಲಿ ಪೌಲನು ಥೆಸಲೊನೀಕದ ಸಭೆಯವರಿಗೆ ಬರೆದದ್ದನ್ನು, ‘ದುಃಖಿಸಬಾರದು’ ಎಂದು ಅರ್ಧಕ್ಕೆ ಕತ್ತರಿಸಿ ಹೇಳುವುದು ತಪ್ಪು. ಹಾಗೆಯೇ ಅಳುವವರಿಗೆ ನೋವಾಗುತ್ತದೆಂದು ಭರವಸೆಯ ಭಾಗವನ್ನು ಕತ್ತರಿಸುವುದೂ ತಪ್ಪು.

ಆದ್ದರಿಂದ ಸಭೆ ಹಾಡು ನಿಲ್ಲಿಸಬೇಕೆಂದು ನನಗೆ ಅನಿಸುವುದಿಲ್ಲ. ಹಾಡದೆ ಕುಳಿತವಳನ್ನು ಯಾರೂ ಸರಿಪಡಿಸಲು ಬರಬಾರದು, ಅಷ್ಟೇ. ಆರಾಧನೆಯ ನಡುವೆ ಎದ್ದು ಹೋದವಳ ಹಿಂದೆ ಮೂವರು ಧಾವಿಸಬಾರದು. ಒಬ್ಬರು ಹೋದರೂ, ಮಾತನಾಡಿಸದೆ ಪಕ್ಕದಲ್ಲಿ ನಿಂತು ಬರಬೇಕು. ನಮ್ಮ ತಂಡದಲ್ಲಿ ಈಗ ಒಂದು ಕ್ರಮವಿದೆ: ಹಾಡುಗಳನ್ನು ಆರಿಸುವಾಗ, ಈ ವಾರ ಹೊಸದಾಗಿ ಸಮಾಧಿಯಿಂದ ಬಂದವರೊಬ್ಬರು ಸುಳ್ಳಾಡದೆ ಹಾಡಬಹುದಾದ ಒಂದು ಹಾಡಾದರೂ ಇದೆಯೇ ಎಂದು ನೋಡಿಕೊಳ್ಳುತ್ತೇವೆ. ಎಷ್ಟೋ ವಾರ ಇರುವುದಿಲ್ಲ. ಆಗ ಒಂದನ್ನು ಬದಲಿಸುತ್ತೇವೆ.

ನಿಮ್ಮ ಹಾಡಿನ ಪುಸ್ತಕದ ಬಗ್ಗೆ ಓದಿದ ಮೇಲೆ ನನಗೆ ಅದೇ ಕಣ್ಣಮುಂದೆ ಬರುತ್ತಿದೆ. ಅದರ ಎಡ ಅಂಚನ್ನು ಯಾರು ಹಿಡಿಯಬೇಕೆಂದು ಆರಿಸುವವರು ನೀವೇ ಆಗಿರಿ. ಯಾರೂ ಬೇಡವೆನಿಸಿದರೆ ಅದೂ ಸರಿಯೇ.

ಪ್ರಶ್ನೆ ಕೇಳಿದವರಿಂದ, 3 ವಾರಗಳ ನಂತರ

ಎಲ್ಲರಿಗೂ ಋಣಿ. ಎದುರಿಗೆ ಕುಳಿತರೆ ಮತ್ತೆ ‘ಚೆನ್ನಾಗಿದ್ದೇನೆ’ ಎಂದುಬಿಡುತ್ತೇನೆಂಬ ಭಯದಿಂದ ಸಭಾಪಾಲಕರಿಗೆ ಒಂದು ಪತ್ರವನ್ನೇ ಬರೆದೆ. ನೀವು ಮಾಡಿದ್ದೆಲ್ಲವೂ ನನ್ನನ್ನು ಉಳಿಸಿತು, ಈಗ ನನಗೆ ಬೇಕಾದದ್ದು ಅದಕ್ಕಿಂತ ಕಡಿಮೆ ಎಂದು ಬರೆದೆ. ‘ಪರವಾಗಿಲ್ಲ ತಾನೇ’ ಎಂದು ಕೇಳುವ ಬದಲು ನನ್ನ ಯಜಮಾನರ ಬಗ್ಗೆ ತಮಗೆ ನೆನಪಿರುವ ಏನಾದರೊಂದನ್ನು ಹೇಳಬೇಕೆಂದೂ, ನಾನು ಅತ್ತರೆ ಅದನ್ನು ನಿಲ್ಲಿಸುವ ಹೊಣೆ ಯಾರ ಮೇಲೂ ಇಲ್ಲವೆಂದೂ ಬರೆದೆ. ಅವರು ಮನೆಗೆ ಬಂದರು. ‘ನಾನು ಅವಸರ ಮಾಡಿದೆ’ ಎಂದರು. ಆಮೇಲೆ, ಸಭೆಯ ಲೆಕ್ಕಪತ್ರದಲ್ಲಿ ಒಂದು ರೂಪಾಯಿ ತಾಳೆಯಾಗದೆ ನನ್ನ ಯಜಮಾನರು ಇಡೀ ಸಂಜೆ ಅವರನ್ನು ಕೂರಿಸಿಕೊಂಡಿದ್ದ ಕಥೆಯನ್ನು ಹೇಳಿದರು. ನನಗೆ ಅದು ಗೊತ್ತೇ ಇರಲಿಲ್ಲ. 7 ತಿಂಗಳಲ್ಲಿ ಅವರ ಬಗ್ಗೆ ನನಗೆ ಸಿಕ್ಕ ಮೊದಲ ಹೊಸ ಸಂಗತಿ ಅದು.

ಎಲ್ಲವೂ ಸರಿಹೋಗಿಲ್ಲ. 88ನೆಯ ಕೀರ್ತನೆಯನ್ನು ಮಾತ್ರ ಓದಿ ಕುಳಿತುಕೊಳ್ಳುವುದು ಹೊಸಬರನ್ನು ಕಂಗೆಡಿಸುತ್ತದೆ ಎಂದು ಹಿರಿಯರೊಬ್ಬರು ಆಕ್ಷೇಪಿಸಿದ್ದಾರೆ, ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೂ ಓದಲು ಒಪ್ಪಿಗೆ ಸಿಕ್ಕಿದೆ. ಮಗಳ ಜೊತೆ ಭಾನುವಾರಶಾಲೆಯ ಶಿಕ್ಷಕಿ ಎರಡು ಸಂಜೆ ನಡೆದಾಡಲು ಹೋಗಿದ್ದಾರೆ. ಏನು ಮಾತಾಡಿದರೆಂದು ನಾನು ಕೇಳಿಲ್ಲ.

ಹಿರಿಯ ಸಭಾಪಾಲಕರಲ್ಲಿ ಒಂದು ಸಂದೇಹವನ್ನು ಕೇಳಬೇಕಿದೆ. ನಮ್ಮಲ್ಲಿ ವಾಚನ ಮುಗಿದ ಕೂಡಲೇ ಸಭೆಯೆಲ್ಲ ‘ಆಮೆನ್’ ಎನ್ನುತ್ತದೆ. ಕತ್ತಲೆಯಲ್ಲಿ ಮುಗಿಯುವ ಮಾತಿಗೆ ಆಮೆನ್ ಹೇಳಬಹುದೇ? ಬೇಡವೆಂದು ಮೊದಲೇ ತಿಳಿಸಬೇಕೇ?

ಉತ್ತರ 5: ನಿವೃತ್ತ ಸಭಾಪಾಲಕರಿಂದ

ಹೇಳಬಹುದು ಅಮ್ಮಾ, ಅದು ಸುಳ್ಳಾಗುವುದಿಲ್ಲ. ನಿಮ್ಮ ಮೊರೆ ನಿಜವೆಂದು ಸಭೆ ಒಪ್ಪಿದಂತಾಗುತ್ತದೆ. ಆದರೆ ಕೂಡಲೇ ಹೇಳಬೇಕಾಗಿಲ್ಲ. ಸತ್ಯವೇದವನ್ನು ತೆರೆದು ನೋಡಿ: 88ನೆಯ ಕೀರ್ತನೆಯ ಕೊನೆಯಲ್ಲಿ ಆಮೆನ್ ಇಲ್ಲ. ಐದು ಭಾಗಗಳಿರುವ ಕೀರ್ತನೆಗಳ ಪುಸ್ತಕದ ಮೂರನೆಯ ಭಾಗವನ್ನು ಮುಗಿಸುವ ‘ಆಮೆನ್, ಆಮೆನ್’ ಬರುವುದು 89ರ ಕೊನೆಯ ವಚನದಲ್ಲಿ. ಆ 89 ಕೂಡ, ನಿನ್ನ ಮೊದಲಿನ ಪ್ರೀತಿ ಎಲ್ಲಿ ಹೋಯಿತು ಎಂದು ದೇವರನ್ನು ಕೇಳಿದ ಮೇಲೆಯೇ ಅಲ್ಲಿಗೆ ತಲುಪುತ್ತದೆ. ನಿಮ್ಮ ಓದಿಗೂ ಆ ಆಮೆನ್‌ಗೂ ನಡುವೆ 52 ವಚನಗಳಿವೆ. ನಿಮ್ಮ ಅಯ್ಯನವರಿಗೆ ಇದನ್ನು ತೋರಿಸಿ, ಓದಿ ಮುಗಿಸಿದ ಮೇಲೆ ಒಂದೆರಡು ನಿಮಿಷ ಸಭೆ ಸುಮ್ಮನೆ ಕುಳಿತಿರಲಿ ಎಂದು ಕೇಳಿಕೊಳ್ಳಿ.